ಸಾಯದ ಮೀನಿನ ಸಾಕ್ಷಿ

(ಜಲ ವಿಷವಿಜ್ಞಾನದ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಡಾಫ್ನಿಯಾ ಮರಿಯನ್ನು ಪಿಪೆಟ್ಟಿನಲ್ಲಿ ಎತ್ತಿ ಬೀಕರಿಗೆ ಬಿಡುವುದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಡಾಫ್ನಿಯಾ ಸಿಹಿನೀರಿನ ಪುಟ್ಟ ಜೀವಿ, ಸೀಗಡಿ-ಏಡಿಗಳ ಬಳಗಕ್ಕೆ ಸೇರಿದ್ದು. ನೀರಿನಲ್ಲಿ ಕುಪ್ಪಳಿಸುತ್ತಾ ಸಾಗುವುದರಿಂದ ನೀರುಚಿಗಟ ಎಂದೂ ಹೇಳುತ್ತೇವೆ. ಹುಟ್ಟಿ ಒಂದು ದಿನ ತುಂಬದ ಮರಿ ಹೆಚ್ಚೆಂದರೆ ಒಂದು ಮಿಲಿಮೀಟರ್ ಇದ್ದೀತು. ಪಿಪೆಟ್ಟಿನ ತುದಿಯನ್ನು ನೀರಿಗಿಂತ ಮೇಲೆ ಹಿಡಿದು ಹನಿ ಬಿಟ್ಟರೆ, ಬೀಳುವ ರಭಸಕ್ಕೆ ಒಂದು ಗಾಳಿಗುಳ್ಳೆ ಅದರ ಚಿಪ್ಪಿನೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮರಿ ಎಷ್ಟು ಒದ್ದಾಡಿದರೂ ನೀರಿನ ಮೇಲ್ಪದರ ಬಿಟ್ಟು ಕೆಳಗಿಳಿಯಲಾರದು. ವಿಷದ ಹನಿಯೂ ಇಲ್ಲದ ನೀರಿನಲ್ಲಿ ಹಾಗೇ ಸೋತು ಸಾಯುತ್ತದೆ. ಆದ್ದರಿಂದ ತುದಿಯನ್ನು ನೀರಿನೊಳಗೆ ಮುಳುಗಿಸಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಬಿಡಬೇಕು. ಮರಿ ಒಂದು ಕ್ಷಣ ನಿಂತು, ಎರಡು ಕೊಂಬೆಯಂಥ ಮೀಸೆಗಳನ್ನು ಬೀಸಿ ಜಿಗಿದರೆ ಕೆಲಸ ಸರಿಯಾಯಿತು ಎಂದರ್ಥ.

ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಇಟ್ಟು ನೋಡಿದ ಮೊದಲ ದಿನ ನನಗೆ ಇಂದಿಗೂ ನೆನಪಿದೆ. ಮೈ ಪೂರ್ತಿ ಪಾರದರ್ಶಕ. ತಿಂದ ಪಾಚಿ ಹಸಿರು ಗೆರೆಯಾಗಿ ಕರುಳಿನಲ್ಲಿ ಕಾಣುತ್ತದೆ. ಬೆನ್ನಿನ ಹತ್ತಿರ ಒಂದು ಪುಟ್ಟ ಚೀಲ ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಅದೇ ಹೃದಯ. ನಿಮಿಷಕ್ಕೆ ಇನ್ನೂರು, ಮುನ್ನೂರು ಬಡಿತ. ಅದರ ಹಿಂದೆ ಮೊಟ್ಟೆಗಳ ಚೀಲ, ಅದರೊಳಗೆ ಕಪ್ಪು ಕಣ್ಣು ಮೂಡಿದ ಮರಿಗಳು. ತಾಯಿಯ ಹೃದಯ ಬಡಿಯುವುದನ್ನೂ ಮರಿಗಳು ಮಿಸುಕುವುದನ್ನೂ ಒಂದೇ ನೋಟದಲ್ಲಿ ನೋಡಬಹುದು. ಇದನ್ನು ನೋಡಿದ ಮೇಲೆ ನಾನು ಬೇರೆ ಯಾವ ವಿಷಯದ ಕಡೆಗೂ ಹೋಗಲಿಲ್ಲ.

ನನ್ನ ಕೆಲಸ ಹೇಳಲು ಸುಲಭ. ಒಂದು ರಾಸಾಯನಿಕ ನೀರಿಗೆ ಸೇರಿದರೆ ಆ ನೀರಿನಲ್ಲಿ ಬದುಕುವವರಿಗೆ ಏನಾಗುತ್ತದೆ ಎಂದು ಕಂಡುಹಿಡಿಯುವುದು. ಪ್ರಮಾಣಿತ ಪರೀಕ್ಷೆ ಹೀಗಿದೆ: ರಾಸಾಯನಿಕದ ಐದು ಬೇರೆ ಬೇರೆ ಸಾಂದ್ರತೆಗಳು, ಜೊತೆಗೆ ಏನೂ ಬೆರೆಸದ ನೀರು. ಆ ಏನೂ ಬೆರೆಸದ ನೀರಿಗೆ ಕಂಟ್ರೋಲ್ ಎನ್ನುತ್ತೇವೆ. ಪ್ರತಿಯೊಂದರಲ್ಲೂ ಇಪ್ಪತ್ತು ಡಾಫ್ನಿಯಾ ಮರಿಗಳು. 48 ಗಂಟೆಗಳಾದ ಮೇಲೆ ಬೀಕರನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಈಜದ ಮರಿಯನ್ನು ‘ನಿಶ್ಚಲ’ ಎಂದು ಬರೆದುಕೊಳ್ಳಬೇಕು. ಮೀನಾದರೆ 96 ಗಂಟೆ, ಮತ್ತು ಅಲ್ಲಿ ಎಣಿಸುವುದು ಸಾವನ್ನೇ. ಅರ್ಧದಷ್ಟು ಜೀವಿಗಳು ಸಾಯುವ ಸಾಂದ್ರತೆಗೆ ಎಲ್‌ಸಿ50 ಎಂದು ಹೆಸರು. ಇಡೀ ಪರೀಕ್ಷೆಯನ್ನು ಒಂದೇ ಸಂಖ್ಯೆಗೆ ಇಳಿಸಬಹುದು, ಆ ಸಂಖ್ಯೆಯನ್ನು ಪಟ್ಟಿಗೆ ಸೇರಿಸಬಹುದು, ಪಟ್ಟಿಯನ್ನು ನೋಡಿ ಕಾನೂನು ಮಾಡಬಹುದು.

ಈ ‘ಅರ್ಧದಷ್ಟು ಸಾವು’ ಎಂಬ ಅಳತೆಗೋಲು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದಾಗ ನನಗೆ ಆಶ್ಚರ್ಯವಾಯಿತು. ಜೆ. ಡಬ್ಲ್ಯೂ. ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ 1927ರಲ್ಲಿ ಇದನ್ನು ಮುಂದಿಟ್ಟರು. ಅವರ ಮುಂದೆ ಇದ್ದ ಸಮಸ್ಯೆ ಔಷಧಿಯದು. ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಿಗಳ ಒಂದು ಕಂತಿಗೂ ಇನ್ನೊಂದು ಕಂತಿಗೂ ಶಕ್ತಿ ಒಂದೇ ಇದೆಯೇ ಎಂದು ಅಳೆಯಬೇಕಿತ್ತು. ಅದಕ್ಕೆ ಈ ವಿಧಾನ ಬಹಳ ಚೆನ್ನಾಗಿ ಒಪ್ಪುತ್ತದೆ. ಎರಡು ವಸ್ತುಗಳನ್ನು ತೂಗಿ ನೋಡಲು ಅದು ಒಳ್ಳೆಯ ತಕ್ಕಡಿ. ಆದರೆ ಈ ಹೊಳೆ ಕ್ಷೇಮವಾಗಿದೆಯೇ ಎಂದು ಕೇಳಲು ಅದನ್ನು ಯಾರೂ ರೂಪಿಸಿರಲಿಲ್ಲ. ಆ ಪ್ರಶ್ನೆಗೆ ಅದನ್ನು ಹಚ್ಚಿದವರು ನಂತರ ಬಂದ ನಾವು.

ನಾನೂ ಹಚ್ಚಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಒಂದು ಕಾರ್ಖಾನೆಯ ಹೊರನೀರನ್ನು ಪರೀಕ್ಷಿಸಿ ವರದಿ ಕೊಟ್ಟೆ. ‘ಮಾರಕ ಪರಿಣಾಮ ಕಂಡುಬಂದಿಲ್ಲ’ ಎಂಬುದು ಅದರ ಕೊನೆಯ ಸಾಲು. ಪರೀಕ್ಷೆಯಲ್ಲಿ ಲೋಪವಿರಲಿಲ್ಲ, ಲೆಕ್ಕ ಸರಿಯಿತ್ತು, ಸಾಲೂ ಸತ್ಯವೇ. ಒಂದೆರಡು ತಿಂಗಳ ನಂತರ ಆ ಕೊಳವೆ ಹೊಳೆಗೆ ಸೇರುವ ಜಾಗಕ್ಕೆ ಹಿರಿಯ ಕೀಟತಜ್ಞೆಯೊಬ್ಬರ ಜೊತೆ ಹೋದೆ. ಅವರು ಏನೂ ಮಾತಾಡದೆ ಮೊಣಕಾಲುದ್ದ ನೀರಿಗಿಳಿದು, ಕೊಳವೆಗಿಂತ ಮೇಲಿನ ಹರಿವಿನಲ್ಲಿ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನನ್ನ ಕಣ್ಣ ಮುಂದೆ ಹಿಡಿದರು. ಕಲ್ಲಿನ ಅಡಿಗೆ ಮೇಫ್ಲೈ ಎಂಬ ಕೀಟದ ಮರಿಗಳು ಅಂಟಿಕೊಂಡಿದ್ದವು. ಚಪ್ಪಟೆ ಮೈ, ಹಿಂದೆ ಮೂರು ಎಳೆ ಬಾಲ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳು ಅಲುಗಾಡುತ್ತಿದ್ದವು. ಕೊಳವೆಗಿಂತ ಕೆಳಗೆ ಹೋಗಿ ಅಂಥದೇ ಇನ್ನೊಂದು ಕಲ್ಲು ಎತ್ತಿದರು. ನುಣ್ಣಗಿತ್ತು. ಹತ್ತು ಕಲ್ಲು ಎತ್ತಿದೆವು. ಅಲ್ಲಿ ಮೀನುಗಳು ಈಜುತ್ತಿದ್ದವು, ಆದರೆ ಎಲ್ಲವೂ ದೊಡ್ಡವು. ಬೆರಳುದ್ದದ ಮರಿ ಒಂದೂ ಕಣ್ಣಿಗೆ ಬೀಳಲಿಲ್ಲ. ‘ನಿಮ್ಮ ವರದಿ ಸರಿ ಇದೆ,’ ಎಂದರು ಅವರು. ‘ಇಲ್ಲಿ ಯಾರೂ ಸಾಯುತ್ತಿಲ್ಲ.’

ಆ ಮಾತು ನನ್ನನ್ನು ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ. ಪರೀಕ್ಷೆ ಉತ್ತರಿಸುವುದು ನಾವು ಕೇಳಿದ ಪ್ರಶ್ನೆಗೆ ಮಾತ್ರ. ಎರಡು ದಿನದಲ್ಲಿ, ನಾಲ್ಕು ದಿನದಲ್ಲಿ ಸಾಯುತ್ತದೆಯೇ ಎಂದು ಕೇಳಿದೆ, ಇಲ್ಲ ಎಂಬ ಉತ್ತರ ಬಂತು. ಮರಿಯಾಗುತ್ತದೆಯೇ, ಮರಿ ದೊಡ್ಡದಾಗುತ್ತದೆಯೇ, ಅದಕ್ಕೆ ತಿನ್ನಲು ಸಿಗುತ್ತದೆಯೇ ಎಂದು ನಾನು ಕೇಳಿರಲೇ ಇಲ್ಲ. ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸವೆಲ್ಲ ಒಂದೊಂದೇ ಪ್ರಶ್ನೆಯನ್ನು ತಿದ್ದಿಕೊಂಡ ಕೆಲಸ.

ಮೊದಲ ತಿದ್ದುಪಡಿಯನ್ನು ಕಲಿಸಿದ್ದು ಒಂದು ನಲ್ಲಿ. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಂಟ್ರೋಲ್ ಬೀಕರುಗಳಲ್ಲೇ ಡಾಫ್ನಿಯಾಗಳು ತಳ ಸೇರಿದ್ದವು. ಕಂಟ್ರೋಲ್‌ನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಿಶ್ಚಲವಾದರೆ ಇಡೀ ಪರೀಕ್ಷೆಯನ್ನು ಎತ್ತಿಡಬೇಕು ಎಂಬುದು ನಿಯಮ. ಬೀಕರು ತೊಳೆದದ್ದು ಸರಿಯಿಲ್ಲವೇ, ಪಾಚಿ ಕೆಟ್ಟಿದೆಯೇ, ಮರಿಗಳೇ ಬಲಹೀನವೇ ಎಂದು ಎರಡು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ನೀರಿನ ಲೋಹ ಪರೀಕ್ಷೆ ಮಾಡಿಸಿದಾಗ ತಾಮ್ರ ಸಿಕ್ಕಿತು. ಹಿಂದಿನ ವಾರವಷ್ಟೇ ನೀರಿನ ಕೊಳವೆಗೆ ಹೊಸ ಹಿತ್ತಾಳೆ ನಲ್ಲಿ ಹಾಕಿಸಿದ್ದರು. ಶನಿವಾರ, ಭಾನುವಾರ ನೀರು ಅದರೊಳಗೆ ನಿಂತು ತಾಮ್ರವನ್ನು ಕರಗಿಸಿಕೊಂಡಿತ್ತು. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೃದು ನೀರಿನಲ್ಲಿ ಡಾಫ್ನಿಯಾವನ್ನು ಕೊಲ್ಲಲು ಅದರ ನೂರರಲ್ಲಿ ಒಂದೆರಡು ಪಾಲು ಸಾಕು. ನಾವು ಧೈರ್ಯವಾಗಿ ಕುಡಿಯುವ ನೀರು ಇನ್ನೊಂದು ಜೀವಕ್ಕೆ ವಿಷವಾಗಿರಬಹುದು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಸತ್ತ ಮರಿಗಳನ್ನು ಒಂದೊಂದಾಗಿ ಎಣಿಸಿದ ಮೇಲೆ ಅದು ನನ್ನೊಳಗೆ ಇಳಿಯಿತು.

ಮೃದು ನೀರು ಎಂದೆನಲ್ಲ, ಅದರಲ್ಲೇ ಎಲ್ಲ ಇದೆ. ಮೀನು ಕಿವಿರಿನ ಮೂಲಕ ಉಸಿರಾಡುವುದಷ್ಟೇ ಅಲ್ಲ, ನೀರಿನಲ್ಲಿರುವ ಚೂರುಪಾರು ಸೋಡಿಯಂ ಅನ್ನು ಅಲ್ಲಿಂದಲೇ ಹೀರಿಕೊಳ್ಳುತ್ತದೆ. ತಾಮ್ರ ಆ ಬಾಗಿಲನ್ನು ಅಡ್ಡಗಟ್ಟುತ್ತದೆ. ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಅದೇ ಜಾಗಕ್ಕಾಗಿ ತಾಮ್ರದೊಡನೆ ಪೈಪೋಟಿಗಿಳಿದು ಮೀನನ್ನು ಒಂದಿಷ್ಟು ಕಾಯುತ್ತದೆ. ಎಲೆ ಕೊಳೆತು ಕಂದುಬಣ್ಣಕ್ಕೆ ತಿರುಗಿದ ನೀರಿನಲ್ಲಿ ಸಾವಯವ ಪದಾರ್ಥ ತಾಮ್ರವನ್ನು ತಬ್ಬಿ ಹಿಡಿದುಕೊಂಡು ಕಿವಿರಿನವರೆಗೆ ಬಿಡುವುದೇ ಇಲ್ಲ. ಒಂದೇ ಪ್ರಮಾಣದ ತಾಮ್ರ ಒಂದು ಹೊಳೆಯಲ್ಲಿ ಮಾರಕ, ಪಕ್ಕದ ಹೊಳೆಯಲ್ಲಿ ನಿರುಪದ್ರವಿ. ಈ ಪೈಪೋಟಿಯನ್ನು ಲೆಕ್ಕಕ್ಕೆ ತರುವ ಮಾದರಿ 2001ರ ಹೊತ್ತಿಗೆ ಸಿದ್ಧವಾಯಿತು. 2007ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಿಹಿನೀರಿನ ತಾಮ್ರದ ಮಾನದಂಡಕ್ಕೆ ಅದನ್ನೇ ಬಳಸಿತು. ನನ್ನ ದೃಷ್ಟಿಯಲ್ಲಿ ನಮ್ಮ ಕ್ಷೇತ್ರದ ದೊಡ್ಡ ಸಾಧನೆಗಳಲ್ಲಿ ಅದೊಂದು.

ಅಮೋನಿಯಾದ ಕಥೆಯೂ ಇಂಥದೇ, ಇನ್ನಷ್ಟು ಚುರುಕು. ಒಂದು ಕೊಳದಲ್ಲಿ ಮೀನುಗಳು ಮಧ್ಯಾಹ್ನವಾದ ಮೇಲೆ ಮಾತ್ರ ಸಾಯುತ್ತಿದ್ದವು. ನಾವು ಎಂದಿನಂತೆ ಬೆಳಿಗ್ಗೆ ಹೋಗಿ ಮಾದರಿ ತೆಗೆದು ಬರುತ್ತಿದ್ದೆವು. ಅಮೋನಿಯಾ ಇತ್ತು, ಗಾಬರಿಪಡುವಷ್ಟಿರಲಿಲ್ಲ. ಕೊನೆಗೆ ದಿನಪೂರ್ತಿ ದಂಡೆಯಲ್ಲಿ ಕೂತು ಗಂಟೆಗೊಮ್ಮೆ ಅಳೆದೆವು. ಅಮೋನಿಯಾದ ಒಟ್ಟು ಪ್ರಮಾಣ ಬೆಳಿಗ್ಗೆ ಎಷ್ಟಿತ್ತೋ ಮಧ್ಯಾಹ್ನವೂ ಅಷ್ಟೇ. ಬದಲಾಗಿದ್ದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ. 7 ನಡುಮಟ್ಟ, ಅದಕ್ಕಿಂತ ಇಳಿದರೆ ಆಮ್ಲ, ಏರಿದರೆ ಕ್ಷಾರ. ಬಿಸಿಲೇರಿದಂತೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಪಿಎಚ್ ಅನ್ನು 7.4ರಿಂದ 9ರ ಮೇಲಕ್ಕೆ ಏರಿಸಿತ್ತು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ವಿದ್ಯುದಾವೇಶ ಹೊತ್ತ ರೂಪ ಕಿವಿರನ್ನು ಸುಲಭವಾಗಿ ದಾಟಲಾರದು, ಆವೇಶವಿಲ್ಲದ ರೂಪ ಸಲೀಸಾಗಿ ದಾಟುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಈ ವಿಷಕಾರಿ ರೂಪ ನೂರರಲ್ಲಿ ಅರ್ಧ ಪಾಲು, 8 ಆದರೆ ಸುಮಾರು 5 ಪಾಲು, 9 ಆದರೆ 36 ಪಾಲು. ಹೊಸದಾಗಿ ಯಾರೂ ಏನೂ ಸುರಿಯದೆಯೇ, ಬರೀ ಬಿಸಿಲಿಗೆ ನೀರು ವಿಷವಾಯಿತು. ಸಂಜೆಯಾದಂತೆ ತಾನಾಗಿಯೇ ಸರಿಹೋಯಿತು. ಬೆಳಿಗ್ಗೆ ಮಾತ್ರ ಬಂದುಹೋಗುವವರಿಗೆ ಇದು ಎಂದಿಗೂ ಗೊತ್ತಾಗುವುದಿಲ್ಲ.

ಈಗ ಕೆನಡಾಕ್ಕೆ ಬರೋಣ. ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದ ಕಾಡಿನಲ್ಲಿ 1968ರಿಂದ ಒಂದು ವಿಶಿಷ್ಟ ಸಂಶೋಧನಾ ಕೇಂದ್ರವಿದೆ. ಅಲ್ಲಿ ಪರೀಕ್ಷೆಗೆ ಬೀಕರು ಬಳಸುವುದಿಲ್ಲ, ಸರೋವರವನ್ನೇ ಬಳಸುತ್ತಾರೆ. ಸರೋವರಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ ಎಂಟು ವರ್ಷ 223ನೇ ಸರೋವರಕ್ಕೆ ಗಂಧಕಾಮ್ಲವನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಪಿಎಚ್ ಅನ್ನು 6.8ರಿಂದ 5ಕ್ಕೆ ಇಳಿಸಿದರು. ಆಮ್ಲಮಳೆ ಸರೋವರಕ್ಕೆ ಏನು ಮಾಡುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ಅಲ್ಲಿನ ದೊಡ್ಡ ಮೀನು ಲೇಕ್ ಟ್ರೌಟ್. ಅದನ್ನು ಹಿಡಿದು ತೊಟ್ಟಿಯಲ್ಲಿ ಪರೀಕ್ಷಿಸಿದ್ದರೆ, ಪಿಎಚ್ ಸಾಕಷ್ಟು ಇಳಿಯುವವರೆಗೂ ಏನೂ ಆಗಿಲ್ಲ ಎನ್ನುತ್ತಿತ್ತು. ಸರೋವರದಲ್ಲಿ ಆದದ್ದು ಬೇರೆ. ಪಿಎಚ್ ಇನ್ನೂ 6ರ ಆಸುಪಾಸಿನಲ್ಲಿರುವಾಗಲೇ ಟ್ರೌಟ್ ತಿನ್ನುತ್ತಿದ್ದ ಸಣ್ಣ ಸೀಗಡಿ ಮಾಯವಾಗತೊಡಗಿತು, ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನು ಮರಿ ಮಾಡುವುದನ್ನು ನಿಲ್ಲಿಸಿತು. ಟ್ರೌಟ್ ಮಾತ್ರ ಬದುಕಿತ್ತು, ಹಸಿದುಕೊಂಡು. ಪ್ರಯೋಗದ ಮೊದಲ ವರ್ಷಗಳ ದಷ್ಟಪುಷ್ಟ ಟ್ರೌಟ್ ಮತ್ತು ಕೊನೆಯ ವರ್ಷಗಳ ಟ್ರೌಟ್, ಇವೆರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನಾನು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಎರಡನೆಯದು ತಲೆಯೊಂದು ದೊಡ್ಡದಾಗಿ, ಮೈ ಹಾವಿನಂತೆ ಸಣಕಲಾಗಿ ಕಾಣುತ್ತದೆ. ಆಮ್ಲ ಅದನ್ನು ಮುಟ್ಟುವ ಮೊದಲು ಅದರ ಊಟವನ್ನು ಕಿತ್ತುಕೊಂಡಿತ್ತು. ಹೊಳೆಯ ನುಣ್ಣನೆಯ ಕಲ್ಲು ನನಗೆ ಹೇಳಿದ್ದೂ ಇದನ್ನೇ.

ಇನ್ನು ಪ್ರಮಾಣದ ಮಾತು. ಇಷ್ಟು ಕಡಿಮೆ ಇದ್ದರೆ ಏನಾದೀತು ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಹಡಗಿನ ತಳಕ್ಕೆ ಕಪ್ಪೆಚಿಪ್ಪು, ಪಾಚಿ ಅಂಟದಂತೆ ಬಳಿಯುತ್ತಿದ್ದ ಬಣ್ಣದಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಇರುತ್ತಿತ್ತು. 1970ರಲ್ಲಿ ಸ್ಟೀಫನ್ ಬ್ಲೇಬರ್ ಎಂಬುವರು ಇಂಗ್ಲೆಂಡಿನ ಪ್ಲಿಮತ್ ಕರಾವಳಿಯಲ್ಲಿ ನಾಯಿಶಂಖ ಎನ್ನಬಹುದಾದ ಡಾಗ್‌ವೆಲ್ಕ್ ಬಸವನಹುಳುಗಳ ಹೆಣ್ಣುಗಳಲ್ಲಿ ಗಂಡಿನ ಜನನಾಂಗ ಬೆಳೆದಿರುವುದನ್ನು ಗಮನಿಸಿದರು. ಕಾರಣ ಈ ಬಣ್ಣವೇ ಎಂದು ಖಚಿತವಾಗಲು 1980ರ ದಶಕದವರೆಗೆ ಕಾಯಬೇಕಾಯಿತು. ಜಿ. ಡಬ್ಲ್ಯೂ. ಬ್ರಯಾನ್ ಮತ್ತು ಪೀಟರ್ ಗಿಬ್ಸ್ ಅವರ ತಂಡ ತೋರಿಸಿದ್ದೇನೆಂದರೆ, ಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸಿನಲ್ಲೇ ಈ ಬದಲಾವಣೆ ಶುರುವಾಗುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಿದರೆ ಬೆಳೆದ ಅಂಗಾಂಶ ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚುತ್ತದೆ. ಮೊಟ್ಟೆಗಳು ಒಳಗೇ ಉಳಿದು ಹೆಣ್ಣು ಸಾಯುತ್ತದೆ. ಒಂದು ನ್ಯಾನೋಗ್ರಾಂ ಎಂದರೆ ಎಷ್ಟು? ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲ, ಎರಡು ಮೀಟರ್ ಆಳದ ಈಜುಕೊಳವನ್ನು ಕಣ್ಮುಂದೆ ತಂದುಕೊಳ್ಳಿ. ಅದರಲ್ಲಿ 25 ಲಕ್ಷ ಲೀಟರ್ ನೀರು ಹಿಡಿಸುತ್ತದೆ. ಅಷ್ಟೂ ನೀರಿಗೆ ಸೇರಿ ಎರಡೂವರೆ ಮಿಲಿಗ್ರಾಂ. ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ಈ ಬಣ್ಣವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2001ರಲ್ಲಿ ಒಪ್ಪಿಗೆ ಸಿಕ್ಕಿತು, ಜಾರಿಯಾಗಿದ್ದು 2008ರಲ್ಲಿ. ನಿಷೇಧದ ನಂತರ ಎಷ್ಟೋ ಕರಾವಳಿಗಳಲ್ಲಿ ಆ ಬಸವನಹುಳುಗಳು ಮರಳಿ ಬಂದವು. ನಮ್ಮ ಕ್ಷೇತ್ರದಲ್ಲಿ ಇಂಥ ಸುದ್ದಿ ಅಪರೂಪ, ಆದ್ದರಿಂದ ಪ್ರತಿ ಬಾರಿಯೂ ಹೇಳುತ್ತೇನೆ.

ಇದರ ಬೆನ್ನಿಗೇ ಹಾರ್ಮೋನುಗಳ ವಿಷಯ ಬಂತು. ಇಂಗ್ಲೆಂಡಿನ ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಅವರ ಜೊತೆಗಾರರು ಗಂಡು ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಶುದ್ಧೀಕರಿಸಿದ ಚರಂಡಿ ನೀರು ನದಿಗೆ ಸೇರುವ ಜಾಗಗಳಲ್ಲಿ ಇಳಿಬಿಟ್ಟರು. ಆಮೇಲೆ ಅವುಗಳ ರಕ್ತ ಪರೀಕ್ಷಿಸಿದರೆ ವಿಟೆಲ್ಲೋಜೆನಿನ್ ಸಿಕ್ಕಿತು. ಮೊಟ್ಟೆಯ ಹಳದಿಗೆ ಬೇಕಾಗುವ ಈ ಪ್ರೋಟೀನನ್ನು ತಯಾರಿಸುವುದು ಹೆಣ್ಣು ಮೀನಿನ ಯಕೃತ್ತು. ಗಂಡಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಗಂಡು ಮೀನು ಬದುಕಿದೆ, ಈಜುತ್ತಿದೆ, ತಿನ್ನುತ್ತಿದೆ, ಆದರೆ ಅದರ ಮೈ ತಾನು ಹೆಣ್ಣು ಎಂದುಕೊಂಡಿದೆ. ನೀರಿನಲ್ಲಿ ಹುಡುಕಿದಾಗ ಹೆಣ್ಣಿನ ಸಹಜ ಹಾರ್ಮೋನುಗಳೂ ಗರ್ಭನಿರೋಧಕ ಮಾತ್ರೆಯ ಕೃತಕ ಹಾರ್ಮೋನೂ ಪತ್ತೆಯಾದವು. 1998ರಲ್ಲಿ ಸೂಸನ್ ಜೋಬ್ಲಿಂಗ್ ಮತ್ತು ಸಂಗಡಿಗರು ಬ್ರಿಟನ್ನಿನ ನದಿಗಳ ರೋಚ್ ಮೀನುಗಳಲ್ಲಿ ಗಂಡು-ಹೆಣ್ಣು ಎರಡರ ಅಂಗಾಂಶವೂ ಒಂದೇ ಮೀನಿನಲ್ಲಿ ವ್ಯಾಪಕವಾಗಿ ಇರುವುದನ್ನು ವರದಿ ಮಾಡಿದರು.

ಇಷ್ಟಾದರೂ ಒಂದು ಸಂದೇಹ ಉಳಿದಿತ್ತು, ಮತ್ತು ಅದು ನ್ಯಾಯವಾದ ಸಂದೇಹವೇ. ರಕ್ತದಲ್ಲಿ ಒಂದು ಪ್ರೋಟೀನು ಹೆಚ್ಚಾದರೆ ಮೀನಿನ ಸಂತತಿ ಕುಗ್ಗಿಬಿಡುತ್ತದೆಯೇ? ಉತ್ತರ ಸಿಕ್ಕಿದ್ದು ಮತ್ತೆ ಕೆನಡಾದ ಅದೇ ಕಾಡಿನ 260ನೇ ಸರೋವರದಲ್ಲಿ. ಕ್ಯಾರೆನ್ ಕಿಡ್ ಅವರ ತಂಡ 2001ರಿಂದ 2003ರವರೆಗೆ ಮೂರು ಬೇಸಿಗೆ ಆ ಸರೋವರದಲ್ಲಿ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೋಗ್ರಾಂ ಮಟ್ಟದಲ್ಲಿ ಇರಿಸಿತು. ಆ ಮಟ್ಟ 96 ಗಂಟೆಯ ಪರೀಕ್ಷೆಯಲ್ಲಿ ಒಂದು ಮೀನನ್ನೂ ಕೊಲ್ಲುವುದಿಲ್ಲ. ಗಂಡು ಮಿನ್ನೋಗಳಲ್ಲಿ ವಿಟೆಲ್ಲೋಜೆನಿನ್ ಸಾವಿರಾರು ಪಟ್ಟು ಏರಿತು, ವೃಷಣಗಳ ಬೆಳವಣಿಗೆ ಕುಂಠಿತವಾಯಿತು, ಮರಿಗಳು ಬರುವುದು ನಿಂತಿತು. ಮಿನ್ನೋ ಅಲ್ಪಾಯುಷಿ ಮೀನು. ಒಂದೆರಡು ವರ್ಷ ಹೊಸ ಮರಿ ಇಲ್ಲದಿದ್ದರೆ ಅದಕ್ಕೆ ಹಿಂದುಮುಂದಿಲ್ಲ. ಸರೋವರದಲ್ಲಿ ಅದರ ಸಂತತಿ ನಾಮಾವಶೇಷವಾಗುವ ಹಂತಕ್ಕೆ ಬಂತು. ಒಂದು ಹೆಣವೂ ತೇಲಲಿಲ್ಲ. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಹಾರ್ಮೋನು ಹಾಕುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮಿನ್ನೋಗಳು ಚೇತರಿಸಿಕೊಂಡವು ಎಂಬುದನ್ನೂ ಸೇರಿಸಿ ಹೇಳಬೇಕು. ಅದೂ ಅಷ್ಟೇ ಮುಖ್ಯ.

ನನ್ನ ಬಹಳಷ್ಟು ವರ್ಷಗಳು ಇಂಥ ‘ಸಾಯದ’ ಮೀನುಗಳ ಜೊತೆ ಕಳೆದವು. 21 ದಿನದ ಡಾಫ್ನಿಯಾ ಪರೀಕ್ಷೆಯಲ್ಲಿ ಪ್ರತಿ ತಾಯಿ ಎಷ್ಟು ಮರಿ ಹಾಕಿತು ಎಂದು ದಿನಾ ಎಣಿಸುವುದು, ಮೀನಿನ ಭ್ರೂಣದ ಹೃದಯ ಎತ್ತ ಬಾಗಿದೆ ಎಂದು ನೋಡುವುದು. ಹಬ್ಬವಿರಲಿ, ರಜೆಯಿರಲಿ, ಡಾಫ್ನಿಯಾ ಮರಿ ಹಾಕುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಎಣಿಸಲು ಯಾರಾದರೂ ಬರಲೇಬೇಕು.

ಹಾಗೆಂದು ವಿಷ ಯಾವಾಗಲೂ ನಿಧಾನ ಎಂದುಕೊಳ್ಳಬೇಡಿ. ಇತ್ತೀಚಿನ ಒಂದು ಪತ್ತೆದಾರಿಕೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಒಬ್ಬರಿಂದ ಆಗದ, ಇಪ್ಪತ್ತು ವರ್ಷ ಹಿಡಿದ ಕೆಲಸ ಅದು. ಅಮೆರಿಕದ ಸಿಯಾಟಲ್ ನಗರದಲ್ಲಿ 1990ರ ದಶಕದಲ್ಲಿ ಹಾಳಾಗಿದ್ದ ತೊರೆಗಳನ್ನು ಸರಿಪಡಿಸಿದರು. ಹೂಳು ತೆಗೆದರು, ಮರ ನೆಟ್ಟರು. ಕೋಹೊ ಸಾಲ್ಮನ್ ಮೀನುಗಳು ಸಮುದ್ರದಿಂದ ಮೊಟ್ಟೆ ಇಡಲು ಮತ್ತೆ ಆ ತೊರೆಗಳಿಗೆ ಬಂದವು. ಬಂದವು ಸತ್ತವು. ಶರತ್ಕಾಲದ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಾ, ಗುಂಡಗೆ ಸುತ್ತುತ್ತಾ, ತೂಕ ತಪ್ಪಿ ಮಗುಚಿ ಬೀಳುತ್ತಿತ್ತು. ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆಗಳು ಹಾಗೇ ತುಂಬಿಕೊಂಡಿದ್ದವು. ಅದೇ ತೊರೆಯಲ್ಲಿ ಚಮ್ ಸಾಲ್ಮನ್ ಎಂಬ ಹತ್ತಿರದ ನೆಂಟನಿಗೆ ಏನೂ ಆಗುತ್ತಿರಲಿಲ್ಲ.

ನಥಾನಿಯಲ್ ಶೋಲ್ಜ್, ಜೂಲಾನ್ ಸ್ಪ್ರೊಂಬರ್ಗ್, ಜೆನಿಫರ್ ಮೆಕಿಂಟೈರ್ ಮತ್ತು ಅವರ ಸಹೋದ್ಯೋಗಿಗಳು ಶಂಕಿತರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕಳಿಸಿದರು. ನೀರು ಬಿಸಿಯಾಗಿರಲಿಲ್ಲ, ಆಮ್ಲಜನಕ ಕಡಿಮೆಯಿರಲಿಲ್ಲ, ರೋಗವಿರಲಿಲ್ಲ, ಕೀಟನಾಶಕ ಸಾಕಷ್ಟಿರಲಿಲ್ಲ. ರಸ್ತೆ ನೀರಿನಲ್ಲಿರುವ ಲೋಹಗಳನ್ನೂ ತೈಲದ ಅಂಶಗಳನ್ನೂ ಬೆರೆಸಿ ತಯಾರಿಸಿದ ನೀರಿನಲ್ಲಿ ಮೀನು ಸಾಯಲಿಲ್ಲ. ಹೆದ್ದಾರಿಯಿಂದ ಹರಿದುಬಂದ ನಿಜವಾದ ಮಳೆನೀರಿನಲ್ಲಿ ಸತ್ತಿತು. ಅಂದರೆ ನಮ್ಮ ಪಟ್ಟಿಯಲ್ಲೇ ಇಲ್ಲದ ಏನೋ ಒಂದು ಆ ನೀರಿನಲ್ಲಿತ್ತು. ಎಡ್ವರ್ಡ್ ಕೊಲೊಡ್ಜೀ ಅವರ ರಸಾಯನವಿಜ್ಞಾನ ತಂಡ ಟೈರಿನ ಪುಡಿಯನ್ನು ನೀರಿನಲ್ಲಿ ನೆನೆಸಿ ನೋಡಿತು. ಆ ನೀರು ಕೊಂದಿತು. ಅದರಲ್ಲಿದ್ದ ರಾಸಾಯನಿಕಗಳು ಎರಡು ಸಾವಿರಕ್ಕೂ ಹೆಚ್ಚು. ನೀರನ್ನು ಪಾಲು ಮಾಡಿ, ಪ್ರತಿ ಪಾಲನ್ನೂ ಮೀನಿಗೆ ಕೊಟ್ಟು, ಕೊಂದ ಪಾಲನ್ನು ಮತ್ತೆ ಪಾಲು ಮಾಡಿ, ಹೀಗೆ ಜರಡಿ ಹಿಡಿಯುತ್ತಾ ಕೊನೆಗೆ ಒಂದು ವಸ್ತುವಿಗೆ ಬಂದು ನಿಂತರು. 18 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕ. ಟೈರಿಗೆ ಸೇರಿಸುವ ವಸ್ತುಗಳ ಯಾವ ಪಟ್ಟಿಯಲ್ಲೂ ಈ ಸೂತ್ರ ಇರಲಿಲ್ಲ.

ಝೆನ್ಯು ಟಿಯಾನ್ ಎಂಬ ಯುವ ವಿಜ್ಞಾನಿಗೆ ಹೊಳೆದದ್ದು ಇಲ್ಲೇ. ಯಾರೂ ಟೈರಿಗೆ ಸೇರಿಸದ ವಸ್ತು ಇದಾಗಿರಬಹುದು, ಸೇರಿಸಿದ್ದು ಮುಂದೆ ಬದಲಾಗಿ ಇದಾಗಿರಬಹುದು. ಗಾಳಿಯಲ್ಲಿರುವ ಓಝೋನ್‌ನಿಂದ ರಬ್ಬರು ಬಿರುಕು ಬಿಡದಂತೆ ಟೈರಿಗೆ 6ಪಿಪಿಡಿ ಎಂಬ ವಸ್ತುವನ್ನು ಸೇರಿಸುತ್ತಾರೆ. ಅದರ ಕೆಲಸವೇ ಓಝೋನಿಗೆ ತಾನು ಬಲಿಯಾಗಿ ರಬ್ಬರನ್ನು ಉಳಿಸುವುದು. 6ಪಿಪಿಡಿಯಿಂದ ಎರಡು ಜಲಜನಕ ಕಳೆದು ಎರಡು ಆಮ್ಲಜನಕ ಸೇರಿಸಿದರೆ ಸಿಗುವುದು ಆ ಸೂತ್ರವೇ. ಪ್ರಯೋಗಾಲಯದಲ್ಲಿ 6ಪಿಪಿಡಿಗೆ ಓಝೋನ್ ಹಾಯಿಸಿದರು, ಅದೇ ವಸ್ತು ಬಂತು, ಅದೇ ಸಾವು ಕಂಡಿತು. 6ಪಿಪಿಡಿ-ಕ್ವಿನೋನ್ ಎಂದು ಹೆಸರಾಯಿತು. 2020ರ ಡಿಸೆಂಬರಿನಲ್ಲಿ ಪ್ರಬಂಧ ಹೊರಬಂತು. ಮೊದಲು ಕೋಹೊಗೆ ಅದರ ಎಲ್‌ಸಿ50 ಲೀಟರಿಗೆ 0.8 ಮೈಕ್ರೋಗ್ರಾಂ ಎಂದು ಅಂದಾಜಿಸಿದ್ದರು. ಶುದ್ಧ ಮಾದರಿ ಕೈಗೆ ಸಿಕ್ಕ ಮೇಲೆ ಅದೇ ತಂಡ 2022ರಲ್ಲಿ ತನ್ನ ಸಂಖ್ಯೆಯನ್ನು ತಾನೇ ತಿದ್ದಿ 95 ನ್ಯಾನೋಗ್ರಾಂ ಎಂದಿತು. ಅಂದರೆ ಮೊದಲು ಅಂದುಕೊಂಡಿದ್ದಕ್ಕಿಂತ ಎಂಟು ಪಟ್ಟು ಹೆಚ್ಚು ವಿಷ. ತಮ್ಮ ಸಂಖ್ಯೆಯನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಂಡದ್ದು ನನಗೆ ಆ ಶೋಧದಷ್ಟೇ ದೊಡ್ಡದು.

ಗಮನಿಸಿ, ಇಲ್ಲಿ ಎಲ್‌ಸಿ50 ಎಂಬ ಹಳೆಯ ಅಳತೆಗೋಲೇ ಕೆಲಸಕ್ಕೆ ಬಂತು. ಅದನ್ನು ನಾನು ಬೇಡ ಎನ್ನುತ್ತಿಲ್ಲ. ಆದರೆ ಪರೀಕ್ಷೆಗೆ ಚಮ್ ಸಾಲ್ಮನ್ ಅನ್ನು ಮಾತ್ರ ಆರಿಸಿಕೊಂಡಿದ್ದರೆ? ಟೈರಿನಲ್ಲಿ ಏನಿದೆ ಎಂಬ ಪಟ್ಟಿಯಲ್ಲಿ ಇದ್ದುದನ್ನಷ್ಟೇ ಪರೀಕ್ಷಿಸಿದ್ದರೆ? ಎರಡು ಸಲವೂ ನನ್ನ ಹಳೆಯ ಸಾಲನ್ನೇ ಬರೆಯಬೇಕಾಗುತ್ತಿತ್ತು. ಆ ಸಾವಿಗೆ ಮದ್ದೂ ಒಂದು ಮಟ್ಟಿಗೆ ಸಿಕ್ಕಿದೆ. ರಸ್ತೆಯ ನೀರನ್ನು ಮರಳು, ಕಾಂಪೋಸ್ಟ್, ತೊಗಟೆ ಬೆರೆಸಿದ ಮಣ್ಣಿನ ಮೂಲಕ ಸೋಸಿ ಬಿಟ್ಟರೆ ಕೋಹೊ ಬದುಕುತ್ತದೆ. ವಿಷದ ಹೆಸರು ಗೊತ್ತಾಗುವ ಮೊದಲೇ ಸ್ಪ್ರೊಂಬರ್ಗ್ ಮತ್ತು ಮೆಕಿಂಟೈರ್ ಇದನ್ನು ತೋರಿಸಿದ್ದರು. ಟೈರಿನಲ್ಲಿ 6ಪಿಪಿಡಿಗೆ ಬದಲಿ ಹುಡುಕುವ ಕೆಲಸ ನಡೆಯುತ್ತಿದೆ. ಆ ಬದಲಿ ವಸ್ತು ಹಳತಾದ ಮೇಲೆ ಏನಾಗುತ್ತದೆ ಎಂಬುದನ್ನೂ ಈ ಸಲ ಮೊದಲೇ ಕೇಳಬೇಕು.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಈ ಕೆಲಸದಲ್ಲಿ ನೀವು ಎಷ್ಟು ಜೀವಗಳನ್ನು ಕೊಂದಿದ್ದೀರಿ ಎಂದು ಕೇಳಿದಳು. ಸಭೆ ಸ್ತಬ್ಧವಾಯಿತು. ಆ ಪ್ರಶ್ನೆ ಕೇಳಿದ್ದಕ್ಕೆ ನಾನು ಅವಳಿಗೆ ಋಣಿ. ಪ್ರತಿ ಪರೀಕ್ಷೆಯ ಸಂಖ್ಯೆಯೂ ನನ್ನ ದಾಖಲೆ ಪುಸ್ತಕಗಳಲ್ಲಿದೆ. ಕೂಡಿದರೆ ಮೀನುಗಳೇ ಸಾವಿರಗಳಲ್ಲಿವೆ, ಡಾಫ್ನಿಯಾ ಇನ್ನೆಷ್ಟೋ ಪಟ್ಟು. ಅದು ನನ್ನ ಮೇಲಿರುವ ಭಾರ, ಇಳಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ಹೊಸದಾಗಿ ಹೊರೆ ಏರದಂತೆ ಮಾಡಬಹುದು. ರೇನ್‌ಬೋ ಟ್ರೌಟ್‌ನ ಕಿವಿರಿನಿಂದ ದಶಕಗಳ ಹಿಂದೆ ತೆಗೆದು ಬೆಳೆಸುತ್ತಾ ಬಂದ ಜೀವಕೋಶಗಳಿವೆ. 2021ರಿಂದ ಅವುಗಳ ಮೇಲೆ ನಡೆಸುವ 24 ಗಂಟೆಯ ಪರೀಕ್ಷೆಗೆ ಅಂತರರಾಷ್ಟ್ರೀಯ ಮನ್ನಣೆ ಇದೆ. ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳು ಬದುಕಿದ್ದರೆ ಬಣ್ಣ ಹೊಳೆಯುತ್ತದೆ, ಸಾಯುತ್ತಾ ಬಂದಂತೆ ಮಂಕಾಗುತ್ತದೆ. ಈಗ ನಮ್ಮಲ್ಲಿಗೆ ಬರುವ ನೀರಿನ ಮಾದರಿಗಳನ್ನು ಮೊದಲು ನೋಡುವುದು ಈ ಕೋಶಗಳ ಮೇಲೆ. ಮೀನಿನ ತೊಟ್ಟಿಗಳಲ್ಲಿ ಅರ್ಧಕ್ಕರ್ಧ ಖಾಲಿಯಾಗಿವೆ.

ಕೋಶ ಮರಿ ಹಾಕುವುದಿಲ್ಲ, ಹಸಿದುಕೊಳ್ಳುವುದಿಲ್ಲ ಎಂದು ಆ ಹುಡುಗಿಯೇ ಮುಂದುವರಿದು ಹೇಳಿದಳು. ಹೌದು, ಎಂದೆ. ಮಾದರಿ ತಟ್ಟೆಯಲ್ಲಿರುವ ಆ 24 ಗಂಟೆಯಲ್ಲಿ ನಮ್ಮ ಪ್ರಯೋಗಾಲಯದವರು ಯಾರಾದರೂ ಒಬ್ಬರು ಆ ನೀರು ಬಂದ ಹೊಳೆಗೆ ಹೋಗಿಬರುತ್ತಾರೆ. ಮುಂದಿನ ಸರದಿ ನನ್ನದು. ಮೊಣಕಾಲುದ್ದದ ಬೂಟು, ಒಂದು ಬಿಳಿ ತಟ್ಟೆ, ಮೆತ್ತನೆಯ ಕುಂಚ ಇದ್ದರೆ ಸಾಕು. ಕೊಳವೆಗಿಂತ ಮೇಲೆ ಹತ್ತು ಕಲ್ಲು, ಕೆಳಗೆ ಹತ್ತು ಕಲ್ಲು. ಬರುವುದಾದರೆ ಬಾ ಎಂದೆ. ಯಾವ ದಿನ ಎಂದು ಕೇಳಿ ಬರೆದುಕೊಂಡಳು.